ಮೆಟ್ರೋ ಇಳಿದ ಮೇಲಿನ ನಾಲ್ಕು ಕಿಲೋಮೀಟರ್: ಕರೆದರೆ ಬರುವ ಶೇರ್ ವಾಹನದ ಲೆಕ್ಕಾಚಾರ

ಕಾಡುಗೋಡಿ ಮೆಟ್ರೋ ನಿಲ್ದಾಣದಲ್ಲಿ ಸಂಜೆ ಏಳಕ್ಕೆ ಇಳಿದಿದ್ದೀರಿ, ಮನೆ ಸೀಗೇಹಳ್ಳಿ ಕಡೆ ನಾಲ್ಕು ಕಿ.ಮೀ. ಆಚೆ ಇದೆ ಎಂದಿಟ್ಟುಕೊಳ್ಳಿ. 2025ರ ಆಗಸ್ಟ್ 1ರಂದು ಜಾರಿಗೆ ಬಂದ ದರದ ಪ್ರಕಾರ ಆಟೋಗೆ ಮೊದಲ ಎರಡು ಕಿ.ಮೀ.ಗೆ 36 ರೂಪಾಯಿ, ಆಮೇಲೆ ಕಿ.ಮೀ.ಗೆ 18. ಅಲ್ಲಿಗೆ ಮೀಟರ್ ಮೇಲೆ 72 ರೂಪಾಯಿ. ಮೂವರು ಹಂಚಿಕೊಂಡರೆ ತಲೆಗೆ 24. ನಗರದ ಅಂಚಿನ ನಿಲ್ದಾಣಗಳ ಹೊರಗೆ ‘ಇನ್ನೊಬ್ರು, ಇನ್ನೊಬ್ರು’ ಎಂದು ಕೂಗಿ ಸೀಟು ತುಂಬಿಸುವ ಶೇರ್ ಆಟೋದ ಹುಟ್ಟು ಈ ಭಾಗಾಕಾರದಲ್ಲೇ ಇದೆ. ಕಲಬುರಗಿ, ವಿಜಯಪುರದ ಕಡೆ ಟಂಟಂ (ದೊಡ್ಡ ಶೇರ್ ಆಟೋ) ಓಡುವುದೂ ಇದೇ ಲೆಕ್ಕದ ಮೇಲೆ. ಯಾವ ಆ್ಯಪ್ಪೂ ಬರುವ ಮೊದಲೇ ಬೀದಿ ಈ ವ್ಯಾಪಾರವನ್ನು ಕಂಡುಕೊಂಡಿತ್ತು.

ಹಾಗಿದ್ದರೆ ಹತ್ತು ವರ್ಷದಿಂದ ಹಣ, ತಂತ್ರಜ್ಞಾನ ಎರಡನ್ನೂ ಸುರಿದ ಕಂಪನಿಗಳಿಗೆ ಇದನ್ನು ಏಕೆ ಉಳಿಸಿಕೊಳ್ಳಲಾಗಲಿಲ್ಲ? ಆ್ಯಪ್‌ನಲ್ಲಿ ಕರೆದು ಕ್ಯಾಬ್ ಹಂಚಿಕೊಳ್ಳುವ ಓಲಾ ಶೇರ್, ಊಬರ್ ಪೂಲ್ ಎರಡೂ ಬೆಂಗಳೂರಿನಲ್ಲಿ 2015ರಲ್ಲಿ ಶುರುವಾದವು, 2020ರ ಮಾರ್ಚ್‌ನಲ್ಲಿ ಕೋವಿಡ್ ಬಂದಾಗ ನಿಂತವು. 2015ರಲ್ಲೇ ಬಂದ, ಬಸ್ ಸೀಟು ಕಾದಿರಿಸುವ ಓಲಾ ಶಟಲ್ 2018ರ ಹೊತ್ತಿಗೆ ಬಾಗಿಲು ಹಾಕಿತು. ಗುರುಗ್ರಾಮದ ಶಟಲ್ ಕಂಪನಿ 2021ರಲ್ಲಿ ಚಲೋ ಎಂಬ ಬಸ್ ಆ್ಯಪ್ ಕಂಪನಿಯ ಪಾಲಾಯಿತು. ‘ಜನರಿಗೆ ಹಂಚಿಕೊಂಡು ಹೋಗುವುದು ಇಷ್ಟವಿಲ್ಲ’ ಎಂಬ ತೀರ್ಮಾನಕ್ಕೆ ಇದರಿಂದ ಬಂದರೆ ತಪ್ಪಾಗುತ್ತದೆ. ಬಿಎಂಟಿಸಿ ಬಸ್ಸಿನಲ್ಲಿ ದಿನಕ್ಕೆ 40 ಲಕ್ಷಕ್ಕೂ ಹೆಚ್ಚು ಪ್ರಯಾಣಗಳು ಹಂಚಿಕೊಂಡೇ ನಡೆಯುತ್ತವೆ. ಸೋತಿದ್ದು ಹಂಚಿಕೆಯ ಒಂದು ನಿರ್ದಿಷ್ಟ ರೂಪ: ಎಲ್ಲಿಂದ ಬೇಕಾದರೂ ಎಲ್ಲಿಗೆ ಬೇಕಾದರೂ, ಮನೆ ಬಾಗಿಲಿಂದ ಮನೆ ಬಾಗಿಲಿಗೆ.

ಪ್ರಯಾಣಿಕರಿಗೆ ಬೇಕಿರುವುದೇನು

ವೇಗ ಎಂದು ಎಲ್ಲರೂ ಹೇಳುತ್ತಾರೆ. ಆದರೆ ದಿನಾ ಓಡಾಡುವವರನ್ನು ಹಿಂಸಿಸುವುದು ಅನಿಶ್ಚಿತತೆ. 20 ನಿಮಿಷಕ್ಕೊಂದು ಬಸ್ ಸರಿಯಾಗಿ ಬಂದರೆ ನಿಲ್ದಾಣದಲ್ಲಿ ಸರಾಸರಿ ಕಾಯುವ ಹೊತ್ತು 10 ನಿಮಿಷ. ಅದೇ ಬಸ್ಸುಗಳು ಟ್ರಾಫಿಕ್ಕಿನಲ್ಲಿ ಸಿಕ್ಕಿ ಹೊತ್ತುಗೊತ್ತಿಲ್ಲದೆ, ಒಮ್ಮೆ ಎರಡು ಒಟ್ಟಿಗೆ, ಇನ್ನೊಮ್ಮೆ 40 ನಿಮಿಷಕ್ಕೊಂದು ಎಂಬಂತೆ ಬಂದರೆ ಸರಾಸರಿ ಕಾಯುವಿಕೆ 20 ನಿಮಿಷದ ಹತ್ತಿರಕ್ಕೆ ಏರುತ್ತದೆ. ಬಸ್ಸುಗಳ ಸಂಖ್ಯೆ ಅಷ್ಟೇ, ಖರ್ಚು ಅಷ್ಟೇ, ಕಾಯುವಿಕೆ ಮಾತ್ರ ದುಪ್ಪಟ್ಟು. ಸರಾಸರಿಗಿಂತ ಕೆಟ್ಟ ದಿನದ ಭಯ ದೊಡ್ಡದು. ವಾರಕ್ಕೊಮ್ಮೆ ಅರ್ಧ ಗಂಟೆ ಕಾದವರು ಮಿಕ್ಕ ನಾಲ್ಕು ದಿನವೂ ಅರ್ಧ ಗಂಟೆ ಮುಂಚೆಯೇ ಮನೆ ಬಿಡುತ್ತಾರೆ, ಇಲ್ಲವೇ ಸ್ಕೂಟರ್ ಕೊಳ್ಳುತ್ತಾರೆ.

ಹೀಗಾಗಿ ‘7:42ಕ್ಕೆ ಬೇಕರಿ ಮುಂದೆ ನಿಲ್ಲಿ, ನಿಮಗೆ ಸೀಟಿದೆ’ ಎಂಬ ಭರವಸೆಗೆ ಬೆಲೆ ಇದೆ. ಐದು ನಿಮಿಷ ತಡವಾಗುವುದನ್ನು ಮುಂಚೆಯೇ ತಿಳಿಸಿದರೆ ಜನ ಸಹಿಸುತ್ತಾರೆ. ಎರಡು ನಿಮಿಷ ಎಂದು ಹೇಳಿ ಹನ್ನೆರಡು ನಿಮಿಷ ನಿಲ್ಲಿಸಿದರೆ ಮರುದಿನ ಬರುವುದಿಲ್ಲ.

ಬೆಲೆಯ ವಿಷಯದಲ್ಲಿ ಬೆಂಗಳೂರಿಗೊಂದು ವಿಶೇಷವಿದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ರಾಜ್ಯದ ಮಹಿಳೆಯರಿಗೆ ಸಾಮಾನ್ಯ ಬಸ್ಸಿನಲ್ಲಿ ಪ್ರಯಾಣ ಉಚಿತ. ಗಂಡಸರಿಗೆ 2025ರ ಜನವರಿಯ ಏರಿಕೆಯ ನಂತರ ಕನಿಷ್ಠ ದರ 6 ರೂಪಾಯಿ. ಬಸ್ಸು ಹತ್ತು ನಿಮಿಷಕ್ಕೊಂದು ಬರುವ ರಸ್ತೆಯಲ್ಲಿ 25 ರೂಪಾಯಿಯ ಸೀಟು ಮಾರಲು ಹೊರಟರೆ ಅರ್ಧಕ್ಕರ್ಧ ಗಿರಾಕಿಗಳಿಗೆ ಎದುರಾಳಿಯ ಬೆಲೆ ಸೊನ್ನೆ. ಇದು ದೂರಬೇಕಾದ ಸಂಗತಿಯಲ್ಲ. ಆ ಕೆಲಸವನ್ನು ಬಸ್ಸು ಚೆನ್ನಾಗಿ ಮಾಡುತ್ತಿದೆ, ಅಲ್ಲಿ ಹೊಸ ವಾಹನ ಬೇಕಿಲ್ಲ ಅಷ್ಟೇ. ಮಾರುಕಟ್ಟೆ ಇರುವುದು ಬಸ್ಸು ಹೋಗದ, ಹೋದರೂ ಗಂಟೆಗೊಂದೇ ಬರುವ ಕಡೆ. ಕೆರೆ ಏರಿ ಪಕ್ಕದ ಕಿರಿದಾದ ರಸ್ತೆಗಳು, ಹಳೇ ಹಳ್ಳಿಯ ಓಣಿ ದಾಟಿ ಎದ್ದಿರುವ ಅಪಾರ್ಟ್‌ಮೆಂಟ್‌ಗಳು, ಹನ್ನೆರಡು ಮೀಟರ್ ಬಸ್ಸು ತಿರುಗಲಾಗದ ಕೊನೆಗಳು.

ಬಳಕೆದಾರರ ಅಗತ್ಯ ಎಂದರೆ ಐಟಿ ನೌಕರರ ಅಗತ್ಯ ಎಂದಷ್ಟೇ ಓದಿಕೊಳ್ಳುವುದು ಈ ಕ್ಷೇತ್ರದ ಹಳೆಯ ಚಾಳಿ. ಅದೇ ಅಪಾರ್ಟ್‌ಮೆಂಟಿಗೆ ಬೆಳಿಗ್ಗೆ ಮನೆಕೆಲಸದವರು, ಸೆಕ್ಯೂರಿಟಿಯವರು, ಅಡುಗೆಯವರು ಎದುರು ದಿಕ್ಕಿನಿಂದ ಬರುತ್ತಾರೆ. ನಿಲ್ದಾಣಕ್ಕೆ ಜನರನ್ನು ಇಳಿಸಿ ಖಾಲಿ ವಾಪಸ್ಸಾಗುವ ಗಾಡಿಗೆ ಇವರೇ ಗಿರಾಕಿಗಳು. ಆದರೆ 25 ರೂಪಾಯಿ ಅವರಿಗೆ ಹೆಚ್ಚು, ಆ್ಯಪ್ ಹಲವರ ಕೈಗೆ ಒಗ್ಗದು. ವಾಪಸ್ ಟ್ರಿಪ್ಪಿಗೆ 10 ರೂಪಾಯಿ ದರವಿಟ್ಟು, ಮಿಸ್ಡ್ ಕಾಲ್ ಕೊಟ್ಟರೆ ಕನ್ನಡದಲ್ಲಿ ತಿರುಗಿ ಕರೆ ಬಂದು ಹೊತ್ತು ತಿಳಿಸುವ ವ್ಯವಸ್ಥೆ ಮಾಡಿದರೆ ಖಾಲಿ ಓಡುವ ಸೀಟಿಗೆ ದುಡ್ಡು ಹುಟ್ಟುತ್ತದೆ. ವಯಸ್ಸಾದವರ ಮಾತು ಇನ್ನೊಂದು: ಟೆಂಪೋ ಟ್ರಾವೆಲರ್‌ನ ಮೆಟ್ಟಿಲು ಎತ್ತರ. ಬಾಗಿಲ ಪಕ್ಕ ಒಂದು ಹಿಡಿಗಂಬಿ, ಕೆಳಗೊಂದು ಮಡಚುವ ಮೆಟ್ಟಿಲು ಹಾಕಿಸದಿದ್ದರೆ ಮಂಡಿನೋವಿನವರು ಒಮ್ಮೆ ಹತ್ತಿ ಮತ್ತೆ ಬರುವುದಿಲ್ಲ.

ಮಹಿಳೆಯರ ಸುರಕ್ಷತೆಯನ್ನು ಪ್ಯಾನಿಕ್ ಬಟನ್ನಿಗೆ ಇಳಿಸುವುದು ಸುಲಭ. ರಾತ್ರಿ ಒಂಬತ್ತರ ಮೇಲೆ ಲೆಕ್ಕಕ್ಕೆ ಬರುವುದು ಬೇರೆ: ಗಾಡಿಯಲ್ಲಿ ಇನ್ನೂ ಎಷ್ಟು ಜನ ಇದ್ದಾರೆ, ಕೊನೆಯಲ್ಲಿ ಇಳಿಯುವವರು ಯಾರು, ಇಳಿಯುವ ಜಾಗದಲ್ಲಿ ದೀಪ ಇದೆಯೇ. ಕೊನೆಯ ಪ್ರಯಾಣಿಕರು ಒಬ್ಬರೇ ಹೆಣ್ಣುಮಗಳಾಗದಂತೆ ಇಳಿಸುವ ಕ್ರಮವನ್ನು ಹೊಂದಿಸಬಹುದು. ಅದಕ್ಕೆ ಒಂದು ಕಿ.ಮೀ. ಹೆಚ್ಚಾದರೂ ಆಗಲಿ. ಬಿಪಿಒ ಕ್ಯಾಬ್‌ಗಳು ಈ ಪದ್ಧತಿಯನ್ನು ವರ್ಷಗಳಿಂದ ಪಾಲಿಸುತ್ತ ಬಂದಿವೆ.

ಮನೆ ಬಾಗಿಲಿಗೆ ಹೋದರೆ ಕೆಡುವುದು ಹೇಗೆ

ನಾಲ್ಕು ಕಿ.ಮೀ. ದಾರಿ, ಆರು ಮಂದಿ, ಆರು ಗೇಟು. ಪ್ರತಿ ಗೇಟಿಗೆ ಮುಖ್ಯ ರಸ್ತೆಯಿಂದ ಒಳಗೆ ಹೋಗಿ ಬರಲು, ಸೆಕ್ಯೂರಿಟಿಯಲ್ಲಿ ನಿಲ್ಲಲು, ‘ಲಿಫ್ಟಿನಲ್ಲಿದ್ದೀನಿ, ಬಂದೆ’ ಎನ್ನುವವರಿಗೆ ಕಾಯಲು ಕನಿಷ್ಠ ಎರಡು ನಿಮಿಷ. ಹನ್ನೆರಡು ನಿಮಿಷ ಅಲ್ಲೇ ಹೋಯಿತು. ಮೊದಲು ಹತ್ತಿದವರು ಮಿಕ್ಕ ಐವರ ತಡವನ್ನೂ ಹೊರುತ್ತಾರೆ. ಅವರಿಗೆ ಆಟೋ ಹಿಡಿದಿದ್ದರೆ ಹದಿನೈದು ನಿಮಿಷದಲ್ಲಿ ಮುಗಿಯುವ ದಾರಿ ಅರ್ಧ ಗಂಟೆಯಾಗುತ್ತದೆ. ಅದೇ ಆರು ಮಂದಿ ಮುಖ್ಯ ರಸ್ತೆಯ ಮೂರು ಜಾಗಕ್ಕೆ ಇನ್ನೂರು–ಮುನ್ನೂರು ಮೀಟರ್ ನಡೆದುಬಂದು ನಿಂತರೆ, ಒಂದೊಂದು ಕಡೆ ಅರ್ಧ ನಿಮಿಷದಂತೆ ಒಂದೂವರೆ ನಿಮಿಷದಲ್ಲಿ ಕೆಲಸ ಆಯಿತು. ಜರ್ಮನಿಯ ಹ್ಯಾಂಬರ್ಗ್‌ನಲ್ಲಿ 2019ರಿಂದ ಓಡುತ್ತಿರುವ ಮೊಯಾ ಎಂಬ ವಿದ್ಯುತ್ ವ್ಯಾನ್ ಸೇವೆ ಮನೆ ಬಾಗಿಲಿಗೆ ಬರುವುದಿಲ್ಲ. ಆ್ಯಪ್ ತೋರಿಸಿದ ಹತ್ತಿರದ ಮೂಲೆಗೆ ನಾವೇ ನಡೆದುಹೋಗಬೇಕು.

ಎರಡನೆಯ ಕಾರಣ ಹೊಂದಾಣಿಕೆಯದು. ಇಬ್ಬರ ಹೊರಡುವ ಜಾಗ, ಸೇರುವ ಜಾಗ, ಹೊತ್ತು ಮೂರೂ ಹತ್ತಿರವಿದ್ದರೆ ಮಾತ್ರ ಒಂದೇ ಗಾಡಿ ಸಾಕು. ಕೋರಮಂಗಲದಿಂದ ಒಬ್ಬರು ಹೆಬ್ಬಾಳಕ್ಕೆ, ಇನ್ನೊಬ್ಬರು ವಿಜಯನಗರಕ್ಕೆ ಹೊರಟರೆ ಎಂಥ ಲೆಕ್ಕಪದ್ಧತಿಯೂ ಅವರನ್ನು ಸೇರಿಸಲಾರದು. ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ 2012ರಲ್ಲಿ ಶುರುವಾದ ಕುಟ್ಸುಪ್ಲಸ್ ಇದನ್ನೇ ತೋರಿಸಿಕೊಟ್ಟಿತು. ತಂತ್ರಾಂಶ ಅದ್ಭುತವಾಗಿತ್ತು, ಹತ್ತಿದವರು ಮೆಚ್ಚಿದರು. ಆದರೆ ಇಡೀ ನಗರಭಾಗಕ್ಕೆ ಒಂಬತ್ತು ಸೀಟಿನ ಹದಿನೈದೇ ವ್ಯಾನು. ವಿನಂತಿಗಳು ವಿರಳವಾಗಿ ಹರಡಿಹೋಗಿ ಸೀಟು ತುಂಬಲಿಲ್ಲ, ಪ್ರತಿ ಪ್ರಯಾಣಕ್ಕೂ ನಗರಾಡಳಿತದ ಸಹಾಯಧನ ಬೇಕಾಯಿತು. ನೂರಾರು ವ್ಯಾನುಗಳಿಗೆ ಬೆಳೆಸಲು ಹಣ ಸಿಗದೆ 2015ರ ಕೊನೆಯಲ್ಲಿ ನಿಲ್ಲಿಸಿದರು.

ಒಂದು ತುದಿ ಗಟ್ಟಿಯಾಗಿದ್ದರೆ ಚಿತ್ರ ಬದಲಾಗುತ್ತದೆ. ಎಲ್ಲರೂ ಸೇರುವ ಜಾಗ ಒಂದೇ ನಿಲ್ದಾಣ ಎಂದಾದಾಗ ಹೊಂದಿಸಬೇಕಾದದ್ದು ಹೊರಡುವ ಜಾಗ ಮತ್ತು ಹೊತ್ತು ಮಾತ್ರ. ಸಂಜೆ ಇನ್ನೂ ಸುಲಭ, ಏಕೆಂದರೆ ರೈಲು ಒಂದೊಂದು ಸಲವೂ ಜನರ ಗುಂಪನ್ನೇ ಇಳಿಸುತ್ತದೆ. 2025ರ ಆಗಸ್ಟ್‌ನಲ್ಲಿ ಆರ್.ವಿ. ರಸ್ತೆ–ಬೊಮ್ಮಸಂದ್ರ ಹಳದಿ ಮಾರ್ಗ ಮೂರೇ ರೈಲುಗಳೊಂದಿಗೆ ಶುರುವಾದಾಗ ಅಂತರ 25 ನಿಮಿಷವಿತ್ತು. ಅಂಥ ಕಡೆ ಫೀಡರ್ ಗಾಡಿ (ನಿಲ್ದಾಣಕ್ಕೆ ಜನರನ್ನು ತಂದು ಒಯ್ಯುವುದು) ತನ್ನದೇ 20 ನಿಮಿಷದ ವೇಳಾಪಟ್ಟಿ ಹಿಡಿದರೆ ಒಮ್ಮೆ ಖಾಲಿ, ಒಮ್ಮೆ ನೂಕುನುಗ್ಗಲು. ರೈಲು ಬಂದು ಆರು ನಿಮಿಷಕ್ಕೆ ಹೊರಡುವುದು ಸರಿಯಾದ ಕ್ರಮ: ಎಸ್ಕಲೇಟರ್ ಇಳಿದು, ಗೇಟು ದಾಟಿ, ರಸ್ತೆಗೆ ಬರಲು ಅಷ್ಟು ಬೇಕು.

ಬೆಂಗಳೂರಿನ ರಸ್ತೆಗಳು ಇದಕ್ಕೆ ತಮ್ಮದೇ ತೊಡಕು ಸೇರಿಸುತ್ತವೆ. ಹೊರವರ್ತುಲ ರಸ್ತೆಯಲ್ಲಿ ಪಿಕಪ್ ಗುರುತು ಡಿವೈಡರ್‌ನ ಆಚೆ ಬಿದ್ದರೆ ಯು-ಟರ್ನ್ ಹುಡುಕಿಕೊಂಡು ಒಂದೆರಡು ಕಿ.ಮೀ. ಸುತ್ತಬೇಕು. ಮೇಲ್ಸೇತುವೆ, ಮೆಟ್ರೋ ಕಂಬಗಳ ಕೆಳಗೆ ಜಿಪಿಎಸ್ ಚುಕ್ಕೆ ಎದುರು ರಸ್ತೆಗೆ ಜಾರುವುದು ಮಾಮೂಲು. ಅದಕ್ಕೇ ನಿಲುಗಡೆಗಳನ್ನು ನಕ್ಷೆಯ ಮೇಲೆ ಕುಳಿತಲ್ಲೇ ಗುರುತಿಸಬಾರದು, ನಡೆದು ನೋಡಿ ಗುರುತಿಸಬೇಕು. ಬೆಳಿಗ್ಗೆ ಹೋಗುವ ಬದಿಗೊಂದು, ಸಂಜೆ ಬರುವ ಬದಿಗೊಂದು ಬೇರೆ ಹೆಸರು, ಬೇರೆ ಫೋಟೋ. ಹೆಸರು ಜನ ಕರೆಯುವುದೇ ಇರಲಿ: ‘ಗಣಪತಿ ದೇವಸ್ಥಾನದ ಎದುರು’, ‘ಬೇಕರಿ ತಿರುವು’. ಮಳೆ ಬಂದರೆ ನೀರು ನಿಲ್ಲುವ ಮೂಲೆಯನ್ನು ಜೂನ್‌ಗೆ ಮೊದಲೇ ಕೈಬಿಡಬೇಕು.

ದುಡ್ಡಿನ ಲೆಕ್ಕ

ಹನ್ನೆರಡು ಸೀಟಿನ ಡೀಸೆಲ್ ಟೆಂಪೋ ಟ್ರಾವೆಲರ್ ಒಂದನ್ನು ತೆಗೆದುಕೊಳ್ಳೋಣ. ಅಂಕಿಗಳು ಲೆಕ್ಕ ತೋರಿಸಲು ಇಟ್ಟುಕೊಂಡ ಅಂದಾಜು. ನಿಮ್ಮ ಗಾಡಿಯ ಅಂಕಿ ಹಾಕಿ ಮತ್ತೆ ಕೂಡಿಸಿ ನೋಡಬಹುದು. ತಿಂಗಳ ಕಂತು 30,000, ಚಾಲಕರ ಸಂಬಳ 25,000, ವಿಮೆ–ತೆರಿಗೆ–ಎಫ್‌ಸಿ (ಗಾಡಿಯ ಅರ್ಹತಾ ಪತ್ರ) ಸೇರಿ 10,000, ಟೈರು ಮತ್ತು ರಿಪೇರಿಗೆ 10,000. ಒಟ್ಟು 75,000 ಗಾಡಿ ಓಡಿದರೂ ನಿಂತರೂ ತಪ್ಪದ ಖರ್ಚು. ದಿನಕ್ಕೆ 120 ಕಿ.ಮೀ., ಲೀಟರಿಗೆ 10 ಕಿ.ಮೀ., ಡೀಸೆಲ್ 90 ರೂಪಾಯಿ ಎಂದರೆ ದಿನಕ್ಕೆ 1,080. ತಿಂಗಳಿಗೆ 26 ದಿನ ಓಡಿಸಿದರೆ ಒಟ್ಟು ಸುಮಾರು 1,03,000, ಅಂದರೆ ದಿನಕ್ಕೆ 3,965 ರೂಪಾಯಿ.

ಈಗ ಕಲೆಕ್ಷನ್. ಬೆಳಿಗ್ಗೆ 7:30ರಿಂದ 10:30, ಸಂಜೆ 5ರಿಂದ 9, ಒಟ್ಟು ಏಳು ಗಂಟೆ. ಹೋಗಿ ಬರಲು ಎಂಟು ಕಿ.ಮೀ., ಹತ್ತಿಸಿ ಇಳಿಸುವುದೂ ಸೇರಿ 38 ನಿಮಿಷ. ಹನ್ನೊಂದು ಸುತ್ತು ಆಗುತ್ತದೆ, 88 ಕಿ.ಮೀ. ಮಿಕ್ಕ 32 ಕಿ.ಮೀ. ಶೆಡ್ಡಿಗೆ, ಬಂಕಿಗೆ, ಊಟಕ್ಕೆ ಹೋಗಿ ಬರುವ ಖಾಲಿ ಓಟ. ಜನ ತುಂಬುವ ದಿಕ್ಕಿನಲ್ಲಿ ಒಂಬತ್ತು, ವಾಪಸ್ಸಿನಲ್ಲಿ ಮೂರು ಎಂದರೆ ಸುತ್ತಿಗೆ 12 ಮಂದಿ, ದಿನಕ್ಕೆ 132. ವಾಪಸ್ಸಿನವರಿಗೂ ಪೂರ್ತಿ ದರವೇ ಎಂದು ಹಿಡಿದರೂ ತಲೆಗೆ 25ರಂತೆ 3,300 ರೂಪಾಯಿ, ನಷ್ಟ. 30 ಮಾಡಿದರೆ 3,960, ಖರ್ಚಿಗೆ ಸರಿ. ಇದರಲ್ಲಿ ಆ್ಯಪ್ಪಿನ ಖರ್ಚಿಲ್ಲ, ಪಾರ್ಕಿಂಗ್ ಬಾಡಿಗೆಯಿಲ್ಲ, ಮಾಲೀಕರಿಗೆ ಲಾಭವಿಲ್ಲ. ಒಂದು ಸುತ್ತು 38ರ ಬದಲು 48 ನಿಮಿಷವಾದರೆ ಸುತ್ತು ಎಂಟಕ್ಕೆ ಇಳಿಯುತ್ತದೆ, 96 ಮಂದಿ, 2,880 ರೂಪಾಯಿ. ಮನೆ ಬಾಗಿಲಿಗೆ ಹೋದರೆ ತಿನ್ನುವ ಹತ್ತು ನಿಮಿಷದ ಬೆಲೆ ಇದು: ದಿನಕ್ಕೆ ಸಾವಿರ ರೂಪಾಯಿಗೂ ಮೇಲೆ. ಟ್ರಾಫಿಕ್ ಜಾಮ್ ಕೂಡ ಇದೇ ಜೇಬಿಗೆ ಕೈ ಹಾಕುತ್ತದೆ.

ಇಲ್ಲೇ ಇನ್ನೊಂದು ಹೋಲಿಕೆ ಮಾಡಬೇಕು, ಹೂಡಿಕೆದಾರರಿಗೆ ಹಿಡಿಸದಿದ್ದರೂ ಸರಿ. ಈ ಗಾಡಿಯ ಖರ್ಚು ಕಿ.ಮೀ.ಗೆ 33 ರೂಪಾಯಿ, ಸೀಟಿಗೆ 2.75. ಬಿಎಂಟಿಸಿ ಗುತ್ತಿಗೆಗೆ ಪಡೆದ 921 ಟಾಟಾ ಎಲೆಕ್ಟ್ರಿಕ್ ಬಸ್ಸುಗಳಿಗೆ ಕಿ.ಮೀ.ಗೆ ಕೊಡುವುದು ಸುಮಾರು 41 ರೂಪಾಯಿ, 35 ಸೀಟು. ಕಂಡಕ್ಟರ್ ಸಂಬಳ ಬೇರೆ ಸೇರಿಸಿದರೂ ಸೀಟಿನ ಖರ್ಚು ಸಣ್ಣ ಗಾಡಿಗಿಂತ ಬಹಳ ಕಡಿಮೆ, ನಿಂತು ಹೋಗುವವರನ್ನು ಎಣಿಸದೆಯೇ. ಜನ ಇದ್ದು ರಸ್ತೆ ಅಗಲವಿದ್ದರೆ ದೊಡ್ಡ ಬಸ್ಸೇ ಗೆಲ್ಲುತ್ತದೆ. ಸಣ್ಣ ಗಾಡಿ ಅಗ್ಗ ಎಂಬುದು ಭ್ರಮೆ. ಅದರ ಜಾಗ ಬಸ್ಸು ಹೊಗದ ಓಣಿ, ಬಸ್ಸು ತುಂಬದ ಹೊತ್ತು.

ಖರ್ಚಿಗೆ ಸರಿಹೋಗುವ ಅಂಚಿನಲ್ಲಿ ನಿಂತ ವ್ಯಾಪಾರವನ್ನು ಟಿಕೆಟ್ ದುಡ್ಡೊಂದೇ ಕಾಯಲಾರದು. ಅಪಾರ್ಟ್‌ಮೆಂಟ್ ಸಂಘಗಳು ಇಲ್ಲಿ ಮುಖ್ಯ. ತಿಂಗಳಿಗೆ 22 ಕೆಲಸದ ದಿನ, ದಿನಕ್ಕೆ ಎರಡು ಸಲ, 30 ರೂಪಾಯಿಯಂತೆ ಪಾಸಿನ ಬೆಲೆ 1,320. ನಲವತ್ತು ಜನ ಮುಂಗಡ ಪಾಸು ಕೊಂಡರೆ 52,800. ಗಾಡಿಯ ಅರ್ಧ ಖರ್ಚು ತಿಂಗಳ ಮೊದಲ ದಿನವೇ ಕೈಗೆ ಬಂತು. ಪಾಸಿನವರಿಗೆ ಸೀಟು ಕಾದಿರಿಸುವುದು ಹೊರಡುವ ಎರಡು ನಿಮಿಷದವರೆಗೆ ಮಾತ್ರ, ಆಮೇಲೆ ನಿಂತವರಿಗೆ ಬಿಟ್ಟುಕೊಡಬೇಕು. ಈ ನಿಯಮ ಇಲ್ಲದ ಕಡೆ ಕಾದಿರಿಸಿದ ಸೀಟು ಖಾಲಿ ಹೋಗುತ್ತದೆ, ಹೊರಗೆ ಜನ ಬೈಯುತ್ತ ನಿಂತಿರುತ್ತಾರೆ.

ಹೊರವರ್ತುಲ ರಸ್ತೆಯ ಟೆಕ್ ಪಾರ್ಕುಗಳು ಮತ್ತೊಂದು ಬಗೆಯ ಮಾರುಕಟ್ಟೆ. ಸಿಲ್ಕ್ ಬೋರ್ಡ್‌ನಿಂದ ಕೆ.ಆರ್. ಪುರದವರೆಗಿನ ಮೆಟ್ರೋ ನೀಲಿ ಮಾರ್ಗಕ್ಕೆ ಕಾದಿರುವ ಈ ರಸ್ತೆಯುದ್ದಕ್ಕೂ ಒಂದೇ ಗೇಟಿನಿಂದ ಹಲವು ಕಂಪನಿಗಳ ಕ್ಯಾಬುಗಳು ಒಂದೇ ಬಡಾವಣೆಗೆ ಅರ್ಧ ಖಾಲಿ ಹೋಗುತ್ತವೆ. ಪಾರ್ಕಿನ ಮಟ್ಟದಲ್ಲಿ ಅವನ್ನು ಒಟ್ಟುಗೂಡಿಸಿದರೆ ಗಾಡಿಗಳ ಸಂಖ್ಯೆ ಇಳಿಯುತ್ತದೆ. ಆದರೆ ಕಂಪನಿಯ ಪಾಳಿ ಹೊತ್ತು, ಭದ್ರತಾ ನಿಯಮ, ಬಿಲ್ಲಿನ ತಲೆಬರಹ ಬೇರೆ ಬೇರೆಯಾದ್ದರಿಂದ ಮಾತುಕತೆ ತಿಂಗಳುಗಟ್ಟಲೆ ಎಳೆಯುತ್ತದೆ. ಜೊತೆಗೆ, ಮಂಗಳವಾರದಿಂದ ಗುರುವಾರದವರೆಗೆ ಜನ ಹೆಚ್ಚು, ಸೋಮವಾರ–ಶುಕ್ರವಾರ ಕಡಿಮೆ. ಐದು ದಿನದ ಗಾಡಿಗೆ ಮೂರು ದಿನದ ದುಡಿಮೆ.

ಚಾಲಕರ ದಿನವನ್ನು ಈ ಲೆಕ್ಕ ಮುಚ್ಚಿಡುತ್ತದೆ. ಬೆಳಿಗ್ಗೆ 7:30ಕ್ಕೆ ಶುರು, ರಾತ್ರಿ 9ಕ್ಕೆ ಮುಗಿತಾಯ. ನಡುವೆ ಆರೂವರೆ ಗಂಟೆ ದುಡಿಮೆಯಿಲ್ಲ, ಮನೆಗೆ ಹೋಗುವಷ್ಟು ಹತ್ತಿರವಿಲ್ಲ, ಮಲಗಲು ನೆರಳಿಲ್ಲ, ಶೌಚಾಲಯವಿಲ್ಲ. ಒಳ್ಳೆಯ ಚಾಲಕರು ಮೂರು ತಿಂಗಳಿಗೆ ಬಿಟ್ಟುಹೋಗುವುದಕ್ಕೆ ಇದು ಸಾಕು. ಮಧ್ಯಾಹ್ನ ಶಾಲೆಯ ಟ್ರಿಪ್ಪೋ ಆಸ್ಪತ್ರೆಯ ಓಟವೋ ಸಿಕ್ಕರೆ ಗಾಡಿಗೂ ಗಳಿಕೆ, ಚಾಲಕರಿಗೂ ಹೆಚ್ಚಿನ ಕೂಲಿ. ಸಿಗದಿದ್ದರೆ ನೆರಳಿರುವ ಪಾರ್ಕಿಂಗ್ ಜಾಗವನ್ನಾದರೂ ಖರ್ಚಿನ ಪಟ್ಟಿಗೆ ಸೇರಿಸಲೇಬೇಕು.

ಪರ್ಮಿಟ್ ಎಂಬ ಗಂಟು

1988ರ ಮೋಟಾರು ವಾಹನ ಕಾಯ್ದೆಯಲ್ಲಿ ಎರಡು ಖಾನೆಗಳಿವೆ. ಒಬ್ಬೊಬ್ಬರಿಂದ ಬೇರೆ ಬೇರೆ ದರ ಪಡೆದು ದಾರಿಯಲ್ಲಿ ಹತ್ತಿಸಿ ಇಳಿಸುವುದು ಸ್ಟೇಜ್ ಕ್ಯಾರೇಜ್, ಅಂದರೆ ಬಸ್ಸು. ಇಡೀ ಗಾಡಿಯನ್ನು ಒಂದು ಒಪ್ಪಂದಕ್ಕೆ ಬಾಡಿಗೆಗೆ ಕೊಟ್ಟು, ಆ ಒಪ್ಪಂದದಲ್ಲಿಲ್ಲದವರನ್ನು ನಡುದಾರಿಯಲ್ಲಿ ಹತ್ತಿಸದಿರುವುದು ಕಾಂಟ್ರಾಕ್ಟ್ ಕ್ಯಾರೇಜ್, ಅಂದರೆ ಟ್ಯಾಕ್ಸಿ, ಆಟೋ. ಬೆಂಗಳೂರಿನಲ್ಲಿ ಮೊದಲನೆಯದು ಬಿಎಂಟಿಸಿಯದ್ದು. ಮಂಗಳೂರು, ಉಡುಪಿಯಲ್ಲಿ ಖಾಸಗಿ ಸಿಟಿ ಬಸ್ಸುಗಳಿರುವಂತೆ ಇಲ್ಲಿಲ್ಲ. ಈ ನಿಯಮವನ್ನೇ ಮುಂದಿಟ್ಟು ಸಾರಿಗೆ ಇಲಾಖೆ 2017ರ ಜನವರಿಯಲ್ಲಿ ಓಲಾ, ಊಬರ್‌ಗಳಿಗೆ ಶೇರ್ ಸೇವೆ ನಿಲ್ಲಿಸಲು ಹೇಳಿದ್ದು.

ಆದರೆ ಅದೇ ಕಾಯ್ದೆಯ ಎರಡನೇ ಕಲಂನ ಏಳನೇ ಉಪಕಲಂ ಕಾಂಟ್ರಾಕ್ಟ್ ಕ್ಯಾರೇಜಿನ ವ್ಯಾಖ್ಯೆಯ ಕೊನೆಯಲ್ಲಿ, ಪ್ರಯಾಣಿಕರಿಂದ ಪ್ರತ್ಯೇಕ ದರ ಪಡೆದರೂ ಮೋಟಾರ್ ಕ್ಯಾಬ್, ಮ್ಯಾಕ್ಸಿ ಕ್ಯಾಬ್ ಅದರೊಳಗೇ ಬರುತ್ತವೆ ಎನ್ನುತ್ತದೆ. ಮ್ಯಾಕ್ಸಿ ಕ್ಯಾಬ್ ಎಂದರೆ ಚಾಲಕರನ್ನು ಬಿಟ್ಟು ಆರಕ್ಕಿಂತ ಹೆಚ್ಚು, ಹನ್ನೆರಡರವರೆಗೆ ಸೀಟಿನ ಗಾಡಿ. ನಮ್ಮ ಟೆಂಪೋ ಟ್ರಾವೆಲರ್ ಸರಿಯಾಗಿ ಅದರೊಳಗೆ ಕೂರುತ್ತದೆ. ತಲೆಗಿಷ್ಟು ಎಂದು ದರ ಪಡೆಯುವುದಕ್ಕೆ ಇಲ್ಲಿ ದಾರಿ ಇದೆ, ನಡುದಾರಿಯಲ್ಲಿ ಹತ್ತಿಸುವುದರ ಮೇಲೆ ವಾದ ಉಳಿಯುತ್ತದೆ. ಅಗ್ರಿಗೇಟರ್‌ಗಳಿಗೆ, ಅಂದರೆ ಓಲಾ, ಊಬರ್‌ನಂಥ ಆ್ಯಪ್ ಕಂಪನಿಗಳಿಗೆ, ಕೇಂದ್ರ ಹೊರಡಿಸಿದ 2020ರ ಮಾರ್ಗಸೂಚಿ ಒಂದೇ ದಾರಿಯವರನ್ನು ಒಂದೇ ಗಾಡಿಯಲ್ಲಿ ಸೇರಿಸುವುದಕ್ಕೆ ಅವಕಾಶ ಕೊಟ್ಟು, ಮಹಿಳೆಯರಿಗೆ ಮಹಿಳೆಯರೊಂದಿಗೆ ಮಾತ್ರ ಹಂಚಿಕೊಳ್ಳುವ ಆಯ್ಕೆಯನ್ನೂ ಬೇಕೆಂದಿತು. ಅದರ ಜಾಗಕ್ಕೆ 2025ರಲ್ಲಿ ಹೊಸ ಮಾರ್ಗಸೂಚಿ ಬಂತು. ಜಾರಿಗೆ ತರುವುದು ಮಾತ್ರ ರಾಜ್ಯಗಳ ಕೈಯಲ್ಲಿದೆ. ದೆಹಲಿ 2023ರಲ್ಲಿ ಪ್ರೀಮಿಯಂ ಬಸ್ ಅಗ್ರಿಗೇಟರ್ ಯೋಜನೆ ಹೊರಡಿಸಿ ಆ್ಯಪ್ ಮೂಲಕ ಸೀಟು ಕಾದಿರಿಸುವ ಖಾಸಗಿ ಬಸ್ಸುಗಳಿಗೆ ಪರವಾನಗಿಯ ದಾರಿ ತೆರೆಯಿತು.

ಕರ್ನಾಟಕಕ್ಕೆ ಇದಕ್ಕಿಂತ ಚಿಕ್ಕ, ಸುಲಭದ ಹೆಜ್ಜೆಯಿದೆ. ಎಲೆಕ್ಟ್ರಿಕ್ ಬಸ್ಸುಗಳನ್ನು ಕಿ.ಮೀ. ಲೆಕ್ಕದಲ್ಲಿ ಗುತ್ತಿಗೆಗೆ ಪಡೆಯುತ್ತಿರುವ ಬಿಎಂಟಿಸಿಯೇ ಆಯ್ದ ನಿಲ್ದಾಣಗಳ ನಾಲ್ಕು ಕಿ.ಮೀ. ವ್ಯಾಪ್ತಿಯಲ್ಲಿ ಮ್ಯಾಕ್ಸಿ ಕ್ಯಾಬ್‌ಗಳನ್ನು ಅದೇ ರೀತಿ ಗುತ್ತಿಗೆಗೆ ಪಡೆಯಬಹುದು. ಬಸ್ಸಿನ ಹಕ್ಕು ನಿಗಮದಲ್ಲೇ ಉಳಿಯುತ್ತದೆ, ಗಾಡಿ ಮಾಲೀಕರಿಗೆ ಪೊಲೀಸ್ ಭಯ ತಪ್ಪುತ್ತದೆ. ಈಗ ಕೂಗಿ ಸೀಟು ತುಂಬಿಸುತ್ತಿರುವ ಆಟೋ ಚಾಲಕರಿಗೆ ಆ ಗಾಡಿ ಓಡಿಸುವ ಕೆಲಸದಲ್ಲಿ ಮೊದಲ ಅವಕಾಶ ಕೊಡಬೇಕು. ಇಲ್ಲದಿದ್ದರೆ ಮೊದಲ ದಿನವೇ ಸ್ಟ್ಯಾಂಡಿನಲ್ಲಿ ಜಗಳ ಖಚಿತ, ಮತ್ತು ಅವರ ಸಿಟ್ಟು ನ್ಯಾಯವಾದದ್ದೇ. ಮೆಟ್ರೋ ನಿಗಮ ಕೊಡಬೇಕಾದದ್ದು ಎರಡು ಗಾಡಿ ಒಟ್ಟಿಗೆ ನಿಂತು ಹೊರಡುವಂಥ ಸುಮಾರು 18 ಮೀಟರ್ ಜಾಗ, ಅದೂ ಜನ ಹೆಚ್ಚು ಇಳಿಯುವ ದ್ವಾರದ ಎದುರೇ. ಇನ್ನೂರು ಮೀಟರ್ ಆಚೆ ಕೊಟ್ಟರೆ ದ್ವಾರದಲ್ಲೇ ನಿಂತ ಆಟೋ ಗೆಲ್ಲುತ್ತದೆ.

ಗಾಡಿ ಕೊಳ್ಳುವ ಮೊದಲು ಮಾಡಬೇಕಾದ ಕೆಲಸಕ್ಕೆ ಹೆಚ್ಚು ಖರ್ಚಿಲ್ಲ. ಮಳೆಯಿಲ್ಲದ ಒಂದು ಮಂಗಳವಾರ, ಬುಧವಾರ, ಗುರುವಾರ ನಿಲ್ದಾಣದ ಒಂದೊಂದು ದ್ವಾರಕ್ಕೂ ಇಬ್ಬರನ್ನು ನಿಲ್ಲಿಸಿ. ಹದಿನೈದು ನಿಮಿಷಕ್ಕೊಮ್ಮೆ ಎಣಿಕೆ ಬರೆಯಲಿ: ಹೊರಬಂದವರೆಷ್ಟು, ನಡೆದುಹೋದವರೆಷ್ಟು, ಆಟೋ ಹತ್ತಿದವರೆಷ್ಟು, ಸ್ಕೂಟರಿಗೆ ಹೋದವರೆಷ್ಟು. ಹತ್ತರಲ್ಲಿ ಒಬ್ಬರನ್ನು ಮಾತಾಡಿಸಿ ಯಾವ ಬಡಾವಣೆ, ಎಷ್ಟು ಕೊಟ್ಟಿರಿ, ಎಷ್ಟು ಹೊತ್ತು ಕಾದಿರಿ ಎಂದು ಕೇಳಲಿ. ಒಂದೇ ದಿಕ್ಕಿಗೆ ಹದಿನೈದು ನಿಮಿಷದಲ್ಲಿ ಹತ್ತು ಜನವಾದರೂ ಆಟೋ ಹತ್ತುತ್ತಿದ್ದರೆ ಆ ದಾರಿಗೆ ಒಂದು ಗಾಡಿ ಹಾಕಿ ನೋಡಬಹುದು. ಹಾಕಿದ ಮೇಲೂ ಪುಸ್ತಕ ಮುಚ್ಚಬಾರದು. ಹತ್ತಿದವರ ಲೆಕ್ಕ ಆ್ಯಪ್ಪಿನಲ್ಲಿ ತಾನಾಗಿ ಸಿಗುತ್ತದೆ. ಕೈ ತೋರಿಸಿ, ಸೀಟಿಲ್ಲದೆ ಹಿಂದೆ ಉಳಿದವರ ಲೆಕ್ಕ ಸಿಗುವುದಿಲ್ಲ. ಅದನ್ನು ಚಾಲಕರೇ ಪ್ರತಿ ಸುತ್ತಿಗೂ ಒಂದು ಗೀಟು ಎಳೆದು ಬರೆದಿಡಬೇಕು. ಎರಡನೇ ಗಾಡಿ ಯಾವಾಗ, ಯಾವ ಹೊತ್ತಿಗೆ ಬೇಕೆಂದು ಹೇಳುವುದು ಆ ಗೀಟುಗಳೇ.